ಒಣಕಸ ಕೇಂದ್ರ ಲಾಭ ಮಾಡಬೇಕೆ?

ವಾರ್ಡಿನ ಒಣಕಸ ಸಂಗ್ರಹ ಕೇಂದ್ರಕ್ಕೆ ಹೊಸದಾಗಿ ಕಾಲಿಡುವವರು ಯಾರೇ ಇರಲಿ, ಅಧಿಕಾರಿಯೋ, ಕಾಲೇಜು ಹುಡುಗರೋ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯೋ, ಮೂಗಿನ ಮೇಲಿಟ್ಟ ಕೈ ತೆಗೆದ ಮೇಲೆ ಮೊದಲು ಕೇಳುವುದು ಒಂದೇ ಮಾತು: ‘ಇದರಲ್ಲಿ ತಿಂಗಳಿಗೆ ಎಷ್ಟು ಉಳಿಯುತ್ತೆ?’ ಅದೇ ಮಂದಿ ಎರಡು ರಸ್ತೆ ಆಚೆಗಿರುವ ಶಾಖಾ ಗ್ರಂಥಾಲಯದ ಮೆಟ್ಟಿಲು ಹತ್ತಿದರೆ ಈ ಪ್ರಶ್ನೆ ಬಾಯಿಗೇ ಬರುವುದಿಲ್ಲ. ಅಲ್ಲಿ ಪೇಪರ್ ಓದುವ ನಿವೃತ್ತರು, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹುಡುಗಿಯರು ಕಂಡರೆ ಸಾಕು, ಗ್ರಂಥಾಲಯ ನಡೆಯುತ್ತಿದೆ ಎಂದೇ ಲೆಕ್ಕ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಸೆಸ್ ಬೀಳುತ್ತದೆ. ಆ ದುಡ್ಡು ‘ವಾಪಸ್’ ಬಂತೇ ಎಂದು ಯಾರೂ ವಿಚಾರಿಸಿದ್ದು ನಾನು ಕೇಳಿಲ್ಲ.

ಮರುಬಳಕೆ ಕೇಂದ್ರವನ್ನು ಸೇರಿಸಬೇಕಾದ್ದು ಈ ಸಾಲಿಗೆ, ಗುಜರಿ ವ್ಯಾಪಾರದ ಸಾಲಿಗಲ್ಲ ಎಂಬುದು ನನ್ನ ವಾದ. ‘ಕಸದಿಂದ ರಸ’ ಎಂದು ಗೋಡೆಗೋಡೆಗೂ ಬರೆಸಿದ್ದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಆಗಿದೆ. ರಸ ಬರದಿದ್ದರೆ ಹಿಂಡುವವರ ಕೈಯಲ್ಲೇ ಐಬಿದೆ ಎಂದು ತೀರ್ಮಾನಿಸುವುದು ಅದರಿಂದ ಸುಲಭವಾಯಿತು.

ಬೆಂಗಳೂರಿನ ಈ ಕೇಂದ್ರಗಳು ಲಾಭದ ಆಸೆಗೆ ಹುಟ್ಟಿದವಲ್ಲ, ಬೇರೆ ದಾರಿ ಕಾಣದೆ ಹುಟ್ಟಿದವು. 2012ರ ಜುಲೈನಲ್ಲಿ ಮಾವಳ್ಳಿಪುರದ ಕಸದ ಗುಡ್ಡಕ್ಕೆ ಲಾರಿಗಳು ಹೋಗುವುದು ನಿಂತಿತು. ಬಾವಿಯ ನೀರು ಕೆಟ್ಟು, ಮನೆಗಳಲ್ಲಿ ಕಾಯಿಲೆ ತುಂಬಿ, ಊರಿನವರು ವರ್ಷಗಟ್ಟಲೆ ಗೋಗರೆದ ಮೇಲೆ ಆದ ಕೆಲಸ ಅದು. ಮುಂದಿನ ವಾರಗಳಲ್ಲಿ ನಗರದ ತಿರುವುತಿರುವಿನಲ್ಲೂ ಕಸ ರಾಶಿ ಬಿತ್ತು. ಉದ್ಯಾನನಗರಿ ಎಂಬ ಬಿರುದನ್ನು ಹೊರದೇಶದ ಪತ್ರಿಕೆಗಳೂ ಲೇವಡಿ ಮಾಡಿದವು. ಹೊರೆ ಮಂಡೂರು ಎಂಬ ಇನ್ನೊಂದು ಊರಿನ ಹೆಗಲಿಗೆ ಹೋಯಿತು. 2014ರ ಬೇಸಿಗೆಯಲ್ಲಿ ಮಂಡೂರಿನವರೂ ರಸ್ತೆಗಿಳಿದರು, ಆ ಡಿಸೆಂಬರ್ 1ರಿಂದ ಅಲ್ಲಿಗೂ ಲಾರಿ ಹೋಗುವುದಿಲ್ಲ ಎಂದು ಸರ್ಕಾರ ಮಾತು ಕೊಡಬೇಕಾಯಿತು. ಈ ನಡುವೆ ಹೈಕೋರ್ಟ್ ಮುಂದಿದ್ದ ಅರ್ಜಿಗಳ ವಿಚಾರಣೆಯಲ್ಲಿ, ಮೂಲದಲ್ಲೇ ಕಸ ಬೇರ್ಪಡಿಸಬೇಕು, ವಾರ್ಡಿನಲ್ಲೇ ಅದಕ್ಕೊಂದು ಜಾಗ ಬೇಕು ಎಂಬ ಆದೇಶಗಳು ಒಂದರ ಹಿಂದೊಂದು ಬಂದವು. ಎರಡು ಬುಟ್ಟಿ, ಒಂದು ಚೀಲ ಎಂದು ಈಗ ಮಕ್ಕಳೂ ಹೇಳುವ ಪದ್ಧತಿಗೆ 2015ರ ಡಿಸೆಂಬರ್‌ನಲ್ಲಿ ಕೋರ್ಟಿನ ಮುದ್ರೆ ಬಿತ್ತು. ಆಗ ಇದ್ದ 198 ವಾರ್ಡ್‌ಗಳಲ್ಲಿ ಎಲ್ಲಕ್ಕೂ ಕೇಂದ್ರ ಸಿಗಲಿಲ್ಲ. ಸಿಕ್ಕಿದ ಹಲವು ಕಡೆ ಜಾಗವೆಂದರೆ ರಾಜಕಾಲುವೆಯ ಅಂಚು, ಮೇಲ್ಸೇತುವೆಯ ಅಡಿ, ಇಲ್ಲವೇ ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ. ಬೇರೆ ಯಾರಿಗೂ ಬೇಡವಾದದ್ದು.

ಅಂದರೆ ಮಾವಳ್ಳಿಪುರ, ಮಂಡೂರುಗಳಿಗೆ ನಾವು ಮಾಡಿದ ಅನ್ಯಾಯ ಮರುಕಳಿಸದಂತೆ ತಡೆಯುವುದೇ ಈ ಕೇಂದ್ರದ ಕಸುಬು. ಅದು ಮಾರುವ ರಟ್ಟು, ಬಾಟಲಿಗಳು ಆ ಕಸುಬಿನ ದಾರಿಯಲ್ಲಿ ಸಿಗುವ ಚಿಲ್ಲರೆ. ಚಿಲ್ಲರೆಯನ್ನೇ ಸಂಬಳವೆಂದು ತಿಳಿದದ್ದು ಮೂಲ ದೋಷ.

ಕೇಂದ್ರದ ಬಾಗಿಲಿಗೆ ನಿಜಕ್ಕೂ ಏನು ಬಂದು ಬೀಳುತ್ತದೆ ಎಂಬುದನ್ನು ಒಮ್ಮೆ ನೋಡಿ. ದಿನಪತ್ರಿಕೆಯನ್ನು ನಾವು ಮನೆಯಲ್ಲೇ ಕಟ್ಟಿಟ್ಟು ಗುಜರಿಯವನಿಗೆ ಕೊಡುತ್ತೇವೆ. ಬಿಯರ್ ಬಾಟಲಿ, ಹಳೆಯ ಕುಕ್ಕರ್, ತಾಮ್ರದ ತಂತಿ ಕೂಡ ಅಲ್ಲಿಗೇ. ಆಮೇಲೆ ಉಳಿದದ್ದು ಆಟೋ ಟಿಪ್ಪರ್‌ಗೆ ಬೀಳುತ್ತದೆ, ಅದರಲ್ಲಿ ಚೆನ್ನಾಗಿರುವ ಪೆಟ್ ಬಾಟಲಿ, ಹಾಲಿನ ಕವರ್‌ಗಳನ್ನು ಗಾಡಿಯ ಮೇಲಿನ ಸಹಾಯಕ ಆರಿಸಿ ಪಕ್ಕದ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಅವನ ಸಂಬಳ ನೋಡಿದವರು ಇದನ್ನು ಕಳ್ಳತನ ಎನ್ನಲಾರರು. ಈ ಎರಡು ಜರಡಿ ದಾಟಿ ಕೇಂದ್ರಕ್ಕೆ ಬರುವುದು ಮೂರನೆಯ ಸುತ್ತಿನ ಮಾಲು: ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಷೆ, ಎಣ್ಣೆ ಮೆತ್ತಿದ ಪಾರ್ಸಲ್ ಡಬ್ಬಿ, ಮಾತ್ರೆಯ ಹಾಳೆ, ಥರ್ಮೊಕೋಲ್, ಹರಿದ ಚಪ್ಪಲಿ, ಒಂದು ಕಾಲಿನ ಸಾಕ್ಸು. ಜೊತೆಗೆ, ಪೇಪರಿನಲ್ಲಿ ಸುತ್ತದೆ ಎಸೆದ ಡೈಪರು, ಪ್ಯಾಡು.

ಇವುಗಳಲ್ಲಿ ಬಹುಪಾಲಿಗೆ ಬೆಲೆಯಿಲ್ಲ. ಅದು ಯಾರ ಸೋಮಾರಿತನವೂ ಅಲ್ಲ, ವಸ್ತುವಿನ ಗುಣ. ಚಿಪ್ಸ್ ಪೊಟ್ಟಣದಲ್ಲಿ ಬೇರೆಬೇರೆ ಪ್ಲಾಸ್ಟಿಕ್‌ನ ಪದರಗಳು, ನಡುವೆ ಅಲ್ಯುಮಿನಿಯಂ ಲೇಪ, ಎಲ್ಲ ಒಂದಕ್ಕೊಂದು ಅಂಟಿ ಕೂತಿರುತ್ತವೆ. ಪಾಲಿಥಿನ್ ಕರಗುವುದು ನೂರಿಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿ, ಪೆಟ್ ಕರಗಲು ಸುಮಾರು ಇನ್ನೂರೈವತ್ತು ಬೇಕು. ಎರಡನ್ನೂ ಒಟ್ಟಿಗೆ ಕರಗಿಸಿ ಒಳ್ಳೆಯ ಮಾಲು ಮಾಡುವ ಕಾರ್ಖಾನೆ ನಾಯಂಡಹಳ್ಳಿಯಲ್ಲೂ ಇಲ್ಲ, ಅಲ್ಲಿಯ ಗಲ್ಲಿಗಳಲ್ಲಿ ಪ್ಲಾಸ್ಟಿಕ್‌ನ ಜಾತಿ ಹೇಳಬಲ್ಲ ಎಂಥ ನಿಪುಣರಿದ್ದರೂ. ಥರ್ಮೊಕೋಲ್‌ನಲ್ಲಿ ಶೇ 95ಕ್ಕೂ ಹೆಚ್ಚು ಗಾಳಿ. ಟೆಂಪೊ ತುಂಬ ಹೇರಿದರೂ ಡೀಸೆಲ್ ಖರ್ಚು ಹುಟ್ಟುವುದಿಲ್ಲ. ಹೀಗಾಗಿ ಇಂಥದ್ದನ್ನೆಲ್ಲ ಅದುಮಿ, ಬೇಲು ಕಟ್ಟಿ, ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗಳ ಗೂಡಿಗೆ ಕಲ್ಲಿದ್ದಲಿನ ಜೊತೆ ಉರಿಯಲು ಕಳಿಸುತ್ತಾರೆ. ಐನೂರು ಕಿಲೋಮೀಟರ್ ಮೀರಿದ ಲಾರಿ ಬಾಡಿಗೆ ತೆತ್ತು ಕಳಿಸುವ ಈ ಸರಕಿಗೆ ಬರುವ ಆದಾಯ ಎಷ್ಟಿರಬಹುದು ಎಂದು ಯಾರಾದರೂ ಊಹಿಸಬಹುದು.

ಹಾಗೆಂದು ಇದನ್ನು ಆರಿಸುವ ಕೂಲಿ ಕಡಿಮೆಯಾಗುತ್ತದೆಯೆ? ಇಲ್ಲ, ಹೆಚ್ಚುತ್ತದೆ. ರಟ್ಟನ್ನು ನೋಡಿದೊಡನೆ ಎತ್ತಿಡಬಹುದು. ಪೊಟ್ಟಣಗಳನ್ನು ಒಂದೊಂದಾಗಿ ಹೆಕ್ಕಬೇಕು, ಒಳಗಿನ ಗಾಜಿನ ಚೂರು, ಸೂಜಿಗಳಿಗೆ ಕೈ ಕೊಡದೆ. ಈ ಕೆಲಸ ಮಾಡುವವರಲ್ಲಿ ಹೆಂಗಸರೇ ಹೆಚ್ಚು. ಅಂದರೆ ಕೇಂದ್ರದಲ್ಲಿ ಅತಿ ಹೆಚ್ಚು ದುಡಿಮೆ ಬೇಡುವ ವಸ್ತುವಿಗೆ ಅತಿ ಕಡಿಮೆ ಬೆಲೆ. ನಗರಕ್ಕೆ ಆ ದುಡಿಮೆಯೇ ಎಲ್ಲಕ್ಕಿಂತ ಬೆಲೆಬಾಳುವಂಥದ್ದು, ಏಕೆಂದರೆ ರಟ್ಟನ್ನು ಯಾರಾದರೂ ಒಯ್ಯುತ್ತಾರೆ. ಪೊಟ್ಟಣ ಹೋಗುವುದು ಕೆರೆಗೆ, ಇಲ್ಲವೇ ಹಸುವಿನ ಹೊಟ್ಟೆಗೆ.

ಬೆಲೆಯಿರುವ ಮಾಲಿನ ಪಾಡೂ ನೆಟ್ಟಗಿಲ್ಲ. ಹಳೆ ಪ್ಲಾಸ್ಟಿಕ್‌ನ ದರ ಕಚ್ಚಾತೈಲದ ಬೆನ್ನು ಹಿಡಿದು ನಡೆಯುತ್ತದೆ. ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ ಹರಳು ಅಗ್ಗ, ಹಳೆಯದನ್ನು ಕೇಳುವವರಿಲ್ಲ. 2020ರ ಏಪ್ರಿಲ್‌ನಲ್ಲಿ ಅಮೆರಿಕದ ತೈಲದ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗೆ ಇಳಿದದ್ದು ನೆನಪಿರಬಹುದು. ಲಾಕ್‌ಡೌನ್‌ನ ಆ ದಿನಗಳಲ್ಲಿ ಆರಿಸಿಟ್ಟ ಮಾಲು ಒಯ್ಯುವ ಗಾಡಿಯೂ ಇಲ್ಲ, ಕೊಳ್ಳುವವರೂ ಇಲ್ಲ, ಮನೆಮನೆಯಿಂದ ಕಸ ಬರುವುದು ಮಾತ್ರ ನಿಲ್ಲಲಿಲ್ಲ. ಅದಕ್ಕೆ ಎರಡು ವರ್ಷ ಮೊದಲು ಚೀನಾ ಹೊರದೇಶಗಳ ಪ್ಲಾಸ್ಟಿಕ್ ಕಸವನ್ನು ಒಳಗೆ ಬಿಡುವುದಿಲ್ಲವೆಂದಾಗ ಜಗತ್ತಿನ ಗುಜರಿ ಪೇಟೆಯೆಲ್ಲ ಅಲ್ಲಾಡಿತ್ತು. 2021ರ ಅಕ್ಟೋಬರ್‌ನಲ್ಲಿ ಪ್ಲಾಸ್ಟಿಕ್ ಗುಜರಿಯ ಮೇಲಿನ ಜಿಎಸ್‌ಟಿ ಶೇ 18ಕ್ಕೆ ಏರಿತು. ಒಂದು ಕಡೆ ಮರುಬಳಕೆಯ ಅಭಿಯಾನ, ಇನ್ನೊಂದು ಕಡೆ ಮರುಬಳಕೆಯ ಕಚ್ಚಾವಸ್ತುವಿಗೆ ಇಷ್ಟು ತೆರಿಗೆ! ಜಯನಗರದ ಒಂದು ವಾರ್ಡಿನಲ್ಲಿ ಹತ್ತು ಹೆಂಗಸರು ಕೂತು ಮಾಡುವ ಕೆಲಸದ ಕೂಲಿಯನ್ನು ನ್ಯೂಯಾರ್ಕು, ಬೀಜಿಂಗು, ದೆಹಲಿ ಸೇರಿ ತೀರ್ಮಾನಿಸುವ ಏರ್ಪಾಡು ಇದು. ಗ್ರಂಥಾಲಯದ ಮೇಲ್ವಿಚಾರಕರ ಸಂಬಳ ರದ್ದಿ ಪೇಪರಿನ ದರಕ್ಕೆ ತಕ್ಕಂತೆ ಏರಿಳಿದರೆ ನಾವು ಒಪ್ಪುತ್ತೇವೆಯೆ?

ಲಾಭದ ಲೆಕ್ಕದಿಂದ ಆದ ಇನ್ನೊಂದು ಹಾನಿಯ ಬಗ್ಗೆ ಮಾತು ಕಡಿಮೆ. ಕೇಂದ್ರ ಕಿಲೋ ಲೆಕ್ಕದಲ್ಲಿ ಬದುಕಬೇಕಾದಾಗ ಅದರೊಳಗೆ ಬಂದ ಪ್ರತಿಯೊಂದೂ ಕಿಲೋ ಆಗುತ್ತದೆ. ಒಂದು ಕಾಲಿಗೆ ಬಿರುಕು ಬಿಟ್ಟ ಪ್ಲಾಸ್ಟಿಕ್ ಕುರ್ಚಿ ಅಲ್ಲಿ ಎರಡು ಕಿಲೋ ಪ್ಲಾಸ್ಟಿಕ್. ಕೆಪಾಸಿಟರ್ ಹೋದ ಫ್ಯಾನು ಅಷ್ಟು ಕಬ್ಬಿಣ, ಇಷ್ಟು ತಾಮ್ರ. ಮಗು ಬೆಳೆದದ್ದರಿಂದ ಚಿಕ್ಕದಾದ, ಮೂರು ಸಲವೂ ಹಾಕದ ಶಾಲೆಯ ಬೂಟು ತೂಕಕ್ಕೂ ಬರುವುದಿಲ್ಲ, ಮೂಲೆಗೆ. ಬಿರುಕಿಗೆ ಬೆಸುಗೆ ಹಾಕಿದರೆ, ಫ್ಯಾನಿಗೆ ಅಗ್ಗದ ಕೆಪಾಸಿಟರ್ ಕೂಡಿಸಿದರೆ, ಬೂಟನ್ನು ಒರೆಸಿ ಶೆಲ್ಫಿನಲ್ಲಿಟ್ಟರೆ ಅವು ಇನ್ನೊಂದು ಮನೆಯಲ್ಲಿ ವರ್ಷಗಟ್ಟಲೆ ಬಾಳುತ್ತವೆ. ಹಾಗೆ ಮಾಡಲು ಶೆಲ್ಫು ಬೇಕು, ಶೆಲ್ಫಿಗೆ ಜಾಗ ಬೇಕು, ಕೈಯಲ್ಲಿ ಹುನ್ನರಿರುವ ಒಬ್ಬರು ಬೇಕು, ಮುಖ್ಯವಾಗಿ ತಡೆದು ನೋಡುವ ವ್ಯವಧಾನ ಬೇಕು. ಲಾರಿ ತುಂಬುವ ಆತುರದಲ್ಲಿರುವ ಕೇಂದ್ರಕ್ಕೆ ಇವು ನಾಲ್ಕೂ ಇಲ್ಲ. ಕಾನೂನಿನ ಪುಸ್ತಕದಲ್ಲಿ ಕಡಿಮೆ ಬಳಸು, ಮತ್ತೆ ಬಳಸು, ಆಮೇಲೆ ಕರಗಿಸು ಎಂಬ ಕ್ರಮವಿದೆ. ನೆಲದ ಮೇಲೆ ನಡೆಯುವುದು ಮೂರನೆಯದೊಂದೇ.

ಇದು ನಮಗೆ ಹೊಸ ವಿದ್ಯೆಯೂ ಅಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆಗಳು ಕೌದಿಯಾಗುತ್ತಿದ್ದವು, ಈಗಲೂ ಆಗುತ್ತವೆ. ಹಳೆ ಬಟ್ಟೆಯ ಗಂಟು ಕೊಟ್ಟು ಸ್ಟೀಲ್ ಪಾತ್ರೆ ಪಡೆಯಲು ಬಾಗಿಲಲ್ಲಿ ಚೌಕಾಸಿ ಮಾಡುವ ಅಮ್ಮಂದಿರನ್ನು ನಾವೆಲ್ಲ ಕಂಡಿದ್ದೇವೆ. ಊರ ದೇವಸ್ಥಾನದ ಕೊಪ್ಪರಿಗೆ, ಜಮಖಾನೆಗಳು ಯಾರ ಮನೆಯ ಮದುವೆಗಾದರೂ ಹೋಗಿಬರುತ್ತಿದ್ದವು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಡುವ ತಟ್ಟೆ ಬ್ಯಾಂಕ್ ನಡೆಸುತ್ತಿರುವುದು ಅದೇ ರೂಢಿಯ ಮುಂದುವರಿಕೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 2009ರಲ್ಲಿ ಮಾರ್ಟೀನ್ ಪೋಸ್ಟ್‌ಮಾ ಶುರುಮಾಡಿದ ರಿಪೇರಿ ಕೆಫೆ ಎಂಬ ಕೂಟ, ಅಂದರೆ ಕೆಟ್ಟ ಸಾಮಾನು ಹಿಡಿದುಕೊಂಡು ಬಂದು ತಿಳಿದವರ ಪಕ್ಕ ಕೂತು ಸರಿಮಾಡಿಕೊಂಡು ಹೋಗುವ ಏರ್ಪಾಡು, 2015ರಲ್ಲಿ ಬೆಂಗಳೂರಿಗೂ ಬಂತು. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಅಭಿಯಾನದಲ್ಲಿ ಬಟ್ಟೆ, ಪುಸ್ತಕ, ಆಟಿಕೆ ತಂದುಕೊಡುವ ಆರ್‌ಆರ್‌ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್) ಕೇಂದ್ರಗಳನ್ನು ದೇಶದ ನಗರಗಳಲ್ಲೆಲ್ಲ ತೆರೆದರು. ಒಳ್ಳೆಯದೇ. ಆದರೆ ಜೂನ್ 5ರ ಪರಿಸರ ದಿನಕ್ಕೆ ಗುರಿಯಿಟ್ಟ ಅಭಿಯಾನ ಅದು. ಬೀರು ಖಾಲಿ ಮಾಡಬೇಕೆಂಬ ಯೋಚನೆ ಜನರಿಗೆ ಬರುವುದು ದೀಪಾವಳಿಗೆ, ಯುಗಾದಿಗೆ, ಮನೆ ಬದಲಿಸುವಾಗ. ವರ್ಷವಿಡೀ ತೆರೆದಿರುವ ಬಾಗಿಲಿದ್ದರೆ ಮಾತ್ರ ಇಂಥದ್ದು ಕೆಲಸಕ್ಕೆ ಬರುತ್ತದೆ, ಆ ಬಾಗಿಲು ವಾರ್ಡಿನಲ್ಲಿ ಆಗಲೇ ಇದೆ.

ನನ್ನ ವಾದಕ್ಕೆ ಎದುರಾಗುವ ಮಾತುಗಳಲ್ಲಿ ಮೂರಕ್ಕೆ ತೂಕವಿದೆ.

ಒಂದು: ಗುಜರಿಯವರು ಸರ್ಕಾರದ ಬಿಡಿಗಾಸಿಲ್ಲದೆ ಈ ಕೆಲಸ ಮಾಡುತ್ತಿಲ್ಲವೆ, ತೆರಿಗೆದಾರ ಯಾಕೆ ದುಡ್ಡು ಕೊಡಬೇಕು? ಗುಜರಿಯವರ ಬಗ್ಗೆ ನನಗೆ ಗೌರವವಿದೆ. ಜಾಲಿ ಮೊಹಲ್ಲಾದ ವ್ಯಾಪಾರಿಗಳು ಯಾವ ಪರಿಸರ ಭಾಷಣವನ್ನೂ ಮಾಡದೆ ಮರುಬಳಕೆ ಮಾಡಿದಷ್ಟು ನಮ್ಮ ಸಮ್ಮೇಳನಗಳು ಮಾಡಿಲ್ಲ. ಅವರು ಮಾಡುವುದನ್ನು ಅವರೇ ಮಾಡಲಿ. ಕೇಂದ್ರ ಅವರಿಗೆ ಪೈಪೋಟಿ ಕೊಡಬೇಕಾಗಿಲ್ಲ. ಅವರು ಮುಟ್ಟದ್ದನ್ನು ಮುಟ್ಟಬೇಕು, ಅದಕ್ಕೇ ದುಡ್ಡು ಬೇಕು.

ಎರಡು: ಪೊಟ್ಟಣ ಮಾಡಿ ಮಾರಿದ ಕಂಪನಿಗಳೇ ಖರ್ಚು ಭರಿಸಲಿ. ನ್ಯಾಯವಾದ ಮಾತು. ಉತ್ಪಾದಕರ ಹೊಣೆಯನ್ನು 2016ರ ಪ್ಲಾಸ್ಟಿಕ್ ನಿಯಮಗಳು ಹೇಳಿದವು, 2022ರ ಫೆಬ್ರುವರಿಯ ಮಾರ್ಗಸೂಚಿ ಅದಕ್ಕೆ ಗುರಿಗಳನ್ನೂ ಪ್ರಮಾಣಪತ್ರಗಳ ವ್ಯವಹಾರವನ್ನೂ ಕಟ್ಟಿತು. ಕಂಪನಿ ತಾನು ಪೇಟೆಗೆ ಬಿಟ್ಟಷ್ಟು ಪ್ಲಾಸ್ಟಿಕ್‌ಗೆ ಸಮನಾದ ಪ್ರಮಾಣಪತ್ರವನ್ನು ಮರುಬಳಕೆ ಕಾರ್ಖಾನೆಯಿಂದ ಕೊಂಡರಾಯಿತು. ಮರುವರ್ಷವೇ ಕೇಂದ್ರೀಯ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರಗಳು ಸಿಕ್ಕವು. ಅದು ಸರಿಹೋದರೂ ದೊಡ್ಡ ಕೊರತೆ ಹಾಗೇ ಉಳಿಯುತ್ತದೆ: ಪ್ರಮಾಣಪತ್ರ ಹುಟ್ಟುವುದು ಕಾರ್ಖಾನೆಯಲ್ಲಿ, ಕಸ ಆರಿಸುವುದು ವಾರ್ಡಿನಲ್ಲಿ. ಮೇಲಿನ ಹಣ ಕೆಳಗಿನ ಕೈಗೆ ತಲುಪಲೇಬೇಕೆಂಬ ಕಟ್ಟು ಆ ಏರ್ಪಾಡಿನಲ್ಲಿ ಇಲ್ಲ. ಕಂಪನಿಗಳಿಂದ ವಸೂಲಿ ಮಾಡುವ ಹೋರಾಟ ನಡೆಯಲಿ, ಅದು ಮುಗಿಯುವ ತನಕ ಆರಿಸುವವರು ಉಪವಾಸ ಇರಲಾಗದು.

ಮೂರನೆಯದು ಎಲ್ಲಕ್ಕಿಂತ ಬಲವಾದದ್ದು, ಅಧಿಕಾರಿಗಳಿಗೆ ಪ್ರಿಯವಾದದ್ದು ಕೂಡ: ಇಷ್ಟೆಲ್ಲ ತಲೆನೋವೇಕೆ, ಸುಟ್ಟು ವಿದ್ಯುತ್ ಮಾಡಿ. ಬಿಡದಿಯಲ್ಲಿ ದಿನಕ್ಕೆ 600 ಟನ್ ಕಸ ಉರಿಸಿ 11.5 ಮೆಗಾವಾಟ್ ವಿದ್ಯುತ್ ತೆಗೆಯುವ ಯೋಜನೆಗೆ 2020ರಲ್ಲಿ ಅಡಿಗಲ್ಲು ಬಿತ್ತು. ಇಂಥ ಒಲೆಗೆ ಹಸಿಕಸ ಒಗ್ಗುವುದಿಲ್ಲ. ಚೆನ್ನಾಗಿ ಉರಿಯುವುದು ಕಾಗದ, ರಟ್ಟು, ಪ್ಲಾಸ್ಟಿಕ್, ಬಟ್ಟೆ. ಅಂದರೆ ಒಣಕಸ ಕೇಂದ್ರ ಉಳಿಸಬೇಕೆಂದಿರುವುದನ್ನೇ ಈ ಒಲೆ ಬೇಡುತ್ತದೆ. ಸುಡಲೇಬೇಕಾದ ಪಾಲು ಒಂದಿದೆ ಎಂದು ನಾನೂ ಒಪ್ಪುತ್ತೇನೆ, ಸಿಮೆಂಟ್ ಗೂಡಿಗೆ ಹೋಗುತ್ತಿರುವುದು ಅದೇ. ಆದರೆ ಕೋಟಿಗಟ್ಟಲೆ ಸುರಿದು ಕಟ್ಟಿದ ಸ್ಥಾವರ ಖಾಲಿ ಕೂರಲಾರದು, ದಿನದ ಟನ್ ಲೆಕ್ಕ ತುಂಬಲೇಬೇಕು. ಆಗ ಮನೆಯಲ್ಲಿ ಬೇರ್ಪಡಿಸಿ ಕೊಟ್ಟದ್ದನ್ನೂ ಒಟ್ಟಿಗೆ ಹೇರಿಕೊಂಡು ಹೋಗುವ ಆಸೆ ಹುಟ್ಟುತ್ತದೆ. ಒಮ್ಮೆ ಹಾಗೆ ಕಂಡ ಗೃಹಿಣಿ ಮಾರನೆಯ ದಿನದಿಂದ ಬೇರ್ಪಡಿಸುವುದನ್ನು ನಿಲ್ಲಿಸುತ್ತಾಳೆ, ಅವಳನ್ನು ಮತ್ತೆ ಒಪ್ಪಿಸುವುದು ಕಷ್ಟ.

ಸೇವೆಯೆಂದು ಒಪ್ಪಿ ದುಡ್ಡು ಕೊಟ್ಟ ಕಡೆ ಏನಾಗಿದೆ? ಪುಣೆಯಲ್ಲಿ 1993ರಿಂದ ಸಂಘಟಿತರಾಗಿದ್ದ ಚಿಂದಿ ಆಯುವವರು ‘ಸ್ವಚ್ಛ್’ ಎಂಬ ಸಹಕಾರ ಸಂಸ್ಥೆ ಕಟ್ಟಿಕೊಂಡು, ಪಾಲಿಕೆಯ ಒಪ್ಪಂದದ ಮೇಲೆ ಮನೆಮನೆಯ ಕಸ ಒಯ್ಯುತ್ತಿದ್ದಾರೆ. ಮನೆಯವರು ತಿಂಗಳ ಶುಲ್ಕ ಕೊಡುತ್ತಾರೆ, ಗುಜರಿ ಮಾರಿದ ಹಣವೂ ಸದಸ್ಯೆಯದೇ. ಪೇಟೆ ಬಿದ್ದರೆ ಶುಲ್ಕ ಕೈ ಹಿಡಿಯುತ್ತದೆ. ಕೇರಳದ ಹಳ್ಳಿಗಳಲ್ಲಿ ಹರಿತ ಕರ್ಮ ಸೇನೆಯ ಹೆಂಗಸರು ಮನೆಗೆ ತಿಂಗಳಿಗೆ 50 ರೂಪಾಯಿಯಂತೆ ಪಡೆದು ಪ್ಲಾಸ್ಟಿಕ್ ಒಯ್ಯುತ್ತಾರೆ. ಆರಂಭದಲ್ಲಿ ‘ನಮ್ಮ ಕಸಕ್ಕೆ ನಾವೇ ದುಡ್ಡು ಕೊಡಬೇಕೆ’ ಎಂದು ಗೊಣಗಿದವರು ಬಹಳ. ನಮ್ಮ ಕರಾವಳಿಯಲ್ಲಿ ಕಾರ್ಕಳದ ನಿಟ್ಟೆ, ಮಂಗಳೂರಿನ ತೆಂಕ ಎಡಪದವುಗಳಲ್ಲಿ ಹಲವು ಗ್ರಾಮ ಪಂಚಾಯಿತಿಗಳು ಸೇರಿಕೊಂಡು ಒಣಕಸದ ಘಟಕ ನಡೆಸುತ್ತಿವೆ. ಒಂದು ಪಂಚಾಯಿತಿಗೆ ಬೇಲಿಂಗ್ ಯಂತ್ರ ಹೊರೆ, ನಾಲ್ಕಾರು ಸೇರಿದರೆ ಹಗುರ. ಸಂಜೀವಿನಿ ಸಂಘಗಳ ಹೆಂಗಸರು ಡ್ರೈವಿಂಗ್ ಕಲಿತು ‘ಸ್ವಚ್ಛ ವಾಹಿನಿ’ ಎಂಬ ಕಸದ ಗಾಡಿ ಓಡಿಸುವುದು ಈಗ ಹಳ್ಳಿಗಳಲ್ಲಿ ಸುದ್ದಿಯಾಗಿ ಉಳಿದಿಲ್ಲ, ಅಷ್ಟು ಸಾಮಾನ್ಯ.

ಜಪಾನಿನ ಕಮಿಕತ್ಸು ಎಂಬ ಗುಡ್ಡಗಾಡಿನ ಊರಿನ ಹೆಸರು ಕಸದ ಚರ್ಚೆಯಲ್ಲಿ ಬರದಿರುವುದೇ ಇಲ್ಲ. ಸುಮಾರು 1,500 ಜನ ಇರುವ ಆ ಊರು 2020ರೊಳಗೆ ಕಸ ಸೊನ್ನೆ ಮಾಡುತ್ತೇವೆಂದು 2003ರಲ್ಲಿ ಘೋಷಿಸಿತು. ಜನ ಕಸವನ್ನು ತಾವೇ ತಂದು 45 ಬಗೆಯಾಗಿ ವಿಂಗಡಿಸುತ್ತಾರೆ. ನಮ್ಮ ಭಾಷಣಕಾರರು ಇಷ್ಟಕ್ಕೇ ನಿಲ್ಲಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಮುಂದಿನದು ಹೆಚ್ಚು ಮುಖ್ಯ: ಅಷ್ಟು ಶಿಸ್ತಿನ ಊರೂ ಶೇ 80ರ ಆಸುಪಾಸಿಗೆ ಬಂದು ನಿಂತಿತು. ಉಳಿದದ್ದು ಡೈಪರು, ಬೂಟು, ಬಗೆಬಗೆಯ ಅಂಟಿನ ವಸ್ತುಗಳು, ಬಿಡಿಸಲು ಬಾರದಂತೆ ಮಾಡಿದಂಥವು. ಅಲ್ಲಿ ಆಗದ್ದನ್ನು ಕೆ.ಆರ್. ಪುರದ ಶೆಡ್ಡಿನಲ್ಲಿ ಮಾಡಿ ತೋರಿಸಿ, ಲಾಭವನ್ನೂ ತನ್ನಿ ಎನ್ನುವುದು ಎಲ್ಲಿಯ ನ್ಯಾಯ?

ನಮ್ಮಲ್ಲಿ ದುಡ್ಡಿನ ದಾರಿ ಈಗ ತೆರೆದಿದೆ. 2025ರ ಏಪ್ರಿಲ್‌ನಿಂದ ಬೆಂಗಳೂರಿನ ಮನೆಗಳಿಗೆ ಕಟ್ಟಡದ ವಿಸ್ತೀರ್ಣ ನೋಡಿ ತಿಂಗಳಿಗೆ 10ರಿಂದ 400 ರೂಪಾಯಿವರೆಗೆ ಕಸದ ಶುಲ್ಕ ನಿಗದಿಯಾಗಿ, ಆಸ್ತಿ ತೆರಿಗೆಯ ಜೊತೆಗೇ ವಸೂಲಾಗುತ್ತಿದೆ. ಅದೇ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಈ ಶುಲ್ಕದಲ್ಲಿ ಒಂದು ಪಾಲು ಒಣಕಸ ಕೇಂದ್ರಗಳಿಗೆ ಮೀಸಲಾಗಬೇಕು. ಹಂಚುವ ಅಳತೆ ಈಗಿನದಕ್ಕೆ ತಿರುಗುಮುರುಗಾಗಿರಬೇಕು: ಮಾರಾಟವಾದ ಮಾಲಿಗೆ ಪೇಟೆಯೇ ಕೊಡುತ್ತದೆ, ಮಾರಾಟವಾಗದೆ ಗುಂಡಿಗೂ ಹೋಗದೆ ಸರಿಯಾದ ಜಾಗಕ್ಕೆ ತಲುಪಿದ ಪ್ರತಿ ಕಿಲೋಗೆ ನಗರ ಕೊಡಲಿ. ಜಾಗದ ಬಗ್ಗೆ ಇಷ್ಟೇ: ನಾಳೆ ಎಬ್ಬಿಸುತ್ತಾರೆಂಬ ಭಯದಲ್ಲಿ ಯಾರೂ ಶೌಚಾಲಯ ಕಟ್ಟಿಸುವುದಿಲ್ಲ, ಬೆಂಕಿ ಆರಿಸುವ ಸಲಕರಣೆ ತರುವುದಿಲ್ಲ. ದೀರ್ಘಾವಧಿಯ ಗುತ್ತಿಗೆ ಬೇಕು, ಕೇಂದ್ರ ನಡೆಸುವ ಚಿಂದಿ ಆಯುವವರ ಹೆಸರಿನಲ್ಲೇ. 2011ರ ಸುಮಾರಿಗೆ ಅವರಿಗೆ ಗುರುತಿನ ಚೀಟಿ ಕೊಟ್ಟು ಮಾದರಿಯಾದ ನಗರ ಇದು. ಚೀಟಿಯ ಮುಂದಿನ ಹೆಜ್ಜೆ ಸಹಜವಾಗಿ ಇದೇ ಆಗಬೇಕಿತ್ತು.

ಕಿಲೋಗೆ ದುಡ್ಡು ಎಂದೊಡನೆ ಬೇಲಿನೊಳಗೆ ಮರಳು, ನೀರು ಸೇರುತ್ತದೆ ಎಂದು ಅನುಭವಸ್ಥರು ನಗುತ್ತಾರೆ. ಸೇರಬಹುದು. ಆದ್ದರಿಂದ ಹಣ ಬಿಡುಗಡೆಯಾಗಬೇಕಾದ್ದು ಸಿಮೆಂಟ್ ಕಾರ್ಖಾನೆಯ ತೂಕದ ಚೀಟಿಗೆ, ಕೇಂದ್ರದ ತಕ್ಕಡಿಗಲ್ಲ. ಒದ್ದೆ ಬೇಲನ್ನು ಕಾರ್ಖಾನೆಯೇ ತಿರಸ್ಕರಿಸುತ್ತದೆ, ಅದರ ಗೂಡಿಗೆ ಅದು ಸೇರದು. ಮರುಬಳಕೆಯ ಶೆಲ್ಫಿಗೆ ಕಮಿಕತ್ಸುವಿನ ಕುರುಕುರು ಅಂಗಡಿಯ ಪದ್ಧತಿ ಸಾಕು: ಬೇಡವಾದದ್ದನ್ನು ತಂದಿಡಬಹುದು, ಬೇಕಾದದ್ದನ್ನು ಪುಕ್ಕಟೆ ಒಯ್ಯಬಹುದು, ಒಯ್ದದ್ದರ ತೂಕವನ್ನು ಪುಸ್ತಕದಲ್ಲಿ ಬರೆಯಬೇಕು. ಆ ಬೂಟು, ಆ ಕುರ್ಚಿ ಹೊರಹೋದ ತೂಕವೂ ಲೆಕ್ಕಕ್ಕೆ ಬಂದರೆ ರಿಪೇರಿ ಮಾಡುವವರಿಗೆ ದಿನಗೂಲಿ ಕೊಡಲು ಆಧಾರ ಸಿಗುತ್ತದೆ.

ಗ್ರಂಥಾಲಯದ ಹೋಲಿಕೆಯಲ್ಲಿ ಒಂದು ಎಚ್ಚರಿಕೆಯೂ ಇದೆ. ಜನರಿಂದ ವಸೂಲಾದ ಗ್ರಂಥಾಲಯ ಸೆಸ್ ಸಕಾಲಕ್ಕೆ ಇಲಾಖೆಗೆ ಸೇರದೆ ಪಾಲಿಕೆಯಲ್ಲೇ ಬಾಕಿ ಉಳಿಯುವುದು ಬೆಂಗಳೂರಿನ ಹಳೆಯ ಕಥೆ. ಕಸದ ಶುಲ್ಕಕ್ಕೂ ಅದೇ ಗತಿ ಬರಬಾರದೆಂದರೆ ಅದು ಪಾಲಿಕೆಯ ಸಾಮಾನ್ಯ ಖಾತೆಗೆ ಬೀಳಬಾರದು. ಐದು ಪಾಲಿಕೆಗಳೂ ಪ್ರತ್ಯೇಕ ಖಾತೆ ತೆರೆದು, ಯಾವ ವಾರ್ಡಿನ ಕೇಂದ್ರಕ್ಕೆ ಯಾವ ತಿಂಗಳು ಎಷ್ಟು ಸಂದಿತು ಎಂಬುದನ್ನು ಆ ಕೇಂದ್ರದ ಬಾಗಿಲ ಮೇಲೇ ಬರೆಸಬೇಕು. ಮುಂದಿನ ಸಲ ಭೇಟಿಗೆ ಬರುವವರು ಎಷ್ಟು ಉಳಿಯುತ್ತದೆ ಎಂದು ಕೇಳುವ ಮೊದಲು ಎಷ್ಟು ಬಂತು ಎಂದು ಓದಿಕೊಳ್ಳಲಿ.